ಸೂರ್ಯನ ಬೆಳಕಿಗೆ ಕಂತಿನ ಲೆಕ್ಕ

ಬಡ ದೇಶಗಳ ಹಳ್ಳಿಗಳಿಗೆ ಸೌರವಿದ್ಯುತ್ ತಲುಪಿಸುವ ಮಾತು ಬಂದಾಗಲೆಲ್ಲ ಚರ್ಚೆ ಪ್ಯಾನೆಲ್ಲಿನ ಬೆಲೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಪ್ಯಾನೆಲ್ ಅಗ್ಗವಾಗಿರುವುದೇನೋ ನಿಜ. ಆದರೆ ಗುಡಿಸಲಿನ ದೀಪ ವರ್ಷಗಟ್ಟಲೆ ಉರಿಯಬೇಕಾದರೆ ದುಡಿಮೆಗೆ ಹೊಂದುವ ಕಂತು ಬೇಕು, ಕರೆದಾಗ ಬರುವ ರಿಪೇರಿಯವನೂ ಬೇಕು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಕಟ್ಟಿದ ಸೌರವಿದ್ಯುತ್ ಕಂಪನಿ ಸೆಲ್ಕೋ ಕರ್ನಾಟಕದಲ್ಲಿ ಹಿಡಿದದ್ದು ಇದೇ ದಾರಿ. ಪ್ಯಾನೆಲ್ ಈಗಿನದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾಗಿದ್ದ ಕಾಲವದು. ಆದರೂ ಗ್ರಾಮೀಣ ಬ್ಯಾಂಕುಗಳು ಸಾಲ ಕೊಡಲು ಒಪ್ಪಿದ ಮೇಲೆ ಕೈಯಲ್ಲಿ ಇಡುಗಂಟಿಲ್ಲದವರೂ ಕೊಂಡರು. ಸಂಜೆ ತರಕಾರಿ ಮಾರುವವಳಿಗೆ ತಿಂಗಳಿಗೊಮ್ಮೆ 300 ರೂಪಾಯಿ ಹೊಂದಿಸುವುದು ಕಷ್ಟ, ದಿನಕ್ಕೆ 10 ರೂಪಾಯಿ ಎತ್ತಿಡುವುದು ಸಾಧ್ಯ. ಅಡಿಕೆ ಬೆಳೆಯುವವನಿಗೆ ದುಡ್ಡು ಕಾಣುವುದೇ ಕೊಯ್ಲಾದ ಮೇಲೆ. ಈ ವ್ಯತ್ಯಾಸ ತಿಳಿಯದ ಯೋಜನೆ ಎಷ್ಟು ದೊಡ್ಡದಿದ್ದರೂ ಅವರ ಮನೆ ಮುಟ್ಟದು.

ಹಾಗಿದ್ದರೆ ಸರ್ಕಾರವೇ ಪುಕ್ಕಟೆ ಹಂಚಬಾರದೇಕೆ? ಕೊಳ್ಳಲು ಆಗದವರಿಗೆ ಕೊಡಲೇಬೇಕು. ಆದರೆ ಹಂಚಿದರಷ್ಟೇ ಸಾಲದು: ಪ್ಯಾನೆಲ್ ಜೊತೆಗಿನ ಲೆಡ್ ಆಸಿಡ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಟರ್ಮಿನಲ್ಲಿಗೆ ಹಿಡಿದ ಬಿಳಿಯ ಪುಡಿ ಒರೆಸಬೇಕು. ಹೇಳಿಕೊಡುವವರಿಲ್ಲದಿದ್ದರೆ ಜನ ಬ್ಯಾಟರಿಯನ್ನು ಕಾಯುವ ಚಾರ್ಜ್ ಕಂಟ್ರೋಲರ್ ತಪ್ಪಿಸಿ ಟಿವಿಯನ್ನು ನೇರವಾಗಿ ಬ್ಯಾಟರಿಗೇ ಜೋಡಿಸುತ್ತಾರೆ, ಬ್ಯಾಟರಿ ಬೇಗ ಕೈಕೊಡುತ್ತದೆ. ತಪ್ಪು ಅವರದಲ್ಲ, ಹಂಚಿಕೆಗೆ ಹಣ ತೆಗೆದಿಟ್ಟು ನಿರ್ವಹಣೆಯನ್ನು ಮರೆತವರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಾಂಗ್ಲಾದೇಶದಿಂದ ಬರುತ್ತದೆ. ಅಲ್ಲಿ 2003ರಲ್ಲಿ ಇಡ್ಕಾಲ್ ಸಂಸ್ಥೆ ಶುರುಮಾಡಿದ ಯೋಜನೆ ಕಂತಿನ ಸಾಲದಲ್ಲೇ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಸೌರದೀಪ ಮುಟ್ಟಿಸಿತು. ಆಮೇಲೆ ಹಳ್ಳಿಗಳಿಗೆ ಕರೆಂಟು ಕಂಬ ಬಂತು, ಕೊಳ್ಳುವವರು ಇಲ್ಲವಾದರು. ಲೈನು ಬರುವುದಿದ್ದರೆ ಈ ಖರ್ಚೇಕೆ ಎಂದು ಕೇಳುವವರನ್ನು ತಳ್ಳಿಹಾಕಲಾಗದು. ಅಕ್ಕಿ ಗಿರಣಿಯಂಥ ದೊಡ್ಡ ಮೋಟಾರಿಗೆ ಮನೆಯ ಸಣ್ಣ ಪ್ಯಾನೆಲ್ ಸಾಲುವುದೂ ಇಲ್ಲ. ಆದರೆ ಕಂಬ ಬರುವವರೆಗಿನ ವರ್ಷಗಳಲ್ಲಿ ಸೀಮೆಎಣ್ಣೆಯ ಹೊಗೆಯಿಲ್ಲದೆ ಓದಿದ ಮಕ್ಕಳನ್ನು ನಷ್ಟದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಕಂಬ ಬಂದ ಮಾತ್ರಕ್ಕೆ ಹಾಲು ಕರೆಯುವ ಹೊತ್ತಿಗೆ ಕರೆಂಟು ಇರುತ್ತದೆಂಬ ಭರವಸೆಯೂ ಇಲ್ಲ. ಸೌರಶಕ್ತಿಯ ಕೆಲಸ ಈಗ ದೀಪ ದಾಟಿ ಹಾಲು ಕರೆಯುವ ಯಂತ್ರ, ಹೊಲಿಗೆ ಯಂತ್ರ, ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆಯತ್ತ ಹೊರಳಬೇಕು. ದುಡಿಯುವ ಯಂತ್ರ ತನ್ನ ಕಂತನ್ನು ತಾನೇ ಕಟ್ಟಿಕೊಳ್ಳಬಲ್ಲದು; ಬ್ಯಾಂಕುಗಳು ಜಮೀನಿನ ಪಹಣಿ ಕೇಳುವ ಮೊದಲು ಆ ಗಳಿಕೆಯನ್ನು ನೋಡಲಿ.