ಮನೆಯ ಗಣಕಯಂತ್ರದಲ್ಲಿ ಮೈಕ್ರೋಕಂಟ್ರೋಲರ್ ಪ್ರೋಗ್ರಾಮಿಂಗ್ ತಂತ್ರಾಂಶಗಳ ಅಳವಡಿಕೆ: ವಿದ್ಯಾರ್ಥಿಗಳಿಗೆ ಮಾಹಿತಿ

ಪೀಠಿಕೆ

ಬಳ್ಳಾರಿ ನಗರದಲ್ಲಿ 1980ರಲ್ಲಿ ಸ್ಥಾಪನೆಯಾದ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜು, 1997ರಲ್ಲಿ ಆರಂಭವಾದ ಬಳ್ಳಾರಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಸೇರಿದಂತೆ ಹಲವು ತಾಂತ್ರಿಕ ಶಿಕ್ಷಣ ಸಂಸ್ಥೆಗಳಿವೆ. ಸಿರುಗುಪ್ಪ ಹಾಗೂ ಕುರುಗೋಡು ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗೆ ಪ್ರಯೋಗಾಲಯದ ಅವಧಿ ಮುಗಿದ ನಂತರ ಅಭ್ಯಾಸಕ್ಕೆ ಅವಕಾಶ ದೊರೆಯುವುದು ಕಷ್ಟ. ಮೈಕ್ರೋಕಂಟ್ರೋಲರ್ ಪ್ರೋಗ್ರಾಮಿಂಗ್‌ಗೆ ಬೇಕಾದ ತಂತ್ರಾಂಶಗಳು ಉಚಿತವಾಗಿ ಲಭ್ಯವಿದ್ದು, ಸಾಧಾರಣ ಗಣಕಯಂತ್ರದಲ್ಲಿಯೂ ಕಾರ್ಯನಿರ್ವಹಿಸುತ್ತವೆ. ಅವುಗಳನ್ನು ಮನೆಯಲ್ಲಿಯೇ ಅಳವಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಟೂಲ್‌ಚೈನ್ ಎಂದರೇನು?

ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಎಟಿಮೆಗಾ 328ಪಿ ಚಿಪ್‌ನಲ್ಲಿ 32 ಕಿಲೋಬೈಟ್ ಪ್ರೋಗ್ರಾಂ ಸ್ಮೃತಿ ಹಾಗೂ 2 ಕಿಲೋಬೈಟ್ ತಾತ್ಕಾಲಿಕ ಸ್ಮೃತಿ ಮಾತ್ರ ಇರುತ್ತದೆ. ಇಷ್ಟು ಚಿಕ್ಕ ಸಾಧನದಲ್ಲಿ ಕಂಪೈಲರ್ ನಡೆಯಲಾರದು. ಆದುದರಿಂದ ಪ್ರೋಗ್ರಾಂ ಅನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿ ಚಿಪ್‌ಗೆ ವರ್ಗಾಯಿಸಬೇಕಾಗುತ್ತದೆ. ಈ ಕೆಲಸದ ಸಾಧನಗಳ ಸರಪಳಿಯೇ ಟೂಲ್‌ಚೈನ್. ಅದರ ಮುಖ್ಯ ಕೊಂಡಿಗಳು ಹೀಗಿವೆ:

1. ಪ್ರೋಗ್ರಾಂ ಬರೆಯುವ ಎಡಿಟರ್.
2. ಅದನ್ನು ಚಿಪ್‌ನ ಯಂತ್ರಭಾಷೆಗೆ ಪರಿವರ್ತಿಸುವ ಎವಿಆರ್-ಜಿಸಿಸಿ ಕಂಪೈಲರ್ ಮತ್ತು ಎವಿಆರ್-ಲಿಬ್‌ಸಿ ಲೈಬ್ರರಿ.
3. ಭಾಗಗಳನ್ನು ಜೋಡಿಸಿ ಹೆಕ್ಸ್ ಕಡತ ತಯಾರಿಸುವ ಬಿನ್‌ಯುಟಿಲ್ಸ್.
4. ಹೆಕ್ಸ್ ಕಡತವನ್ನು ಚಿಪ್‌ಗೆ ಬರೆಯುವ ಎವಿಆರ್‌ಡ್ಯೂಡ್.

ಅಳವಡಿಕೆ

ವಿಂಡೋಸ್ ಬಳಕೆದಾರರು ಆರ್ಡುಯಿನೋ ಐಡಿಇ ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದಿಂದಲೇ ಪಡೆಯತಕ್ಕದ್ದು. ಇದರ 2ನೇ ಆವೃತ್ತಿಯನ್ನು ಮೊದಲ ಬಾರಿಗೆ ತೆರೆದಾಗ ಕಂಪೈಲರ್ ಮುಂತಾದವು ಅಂತರಜಾಲದಿಂದ ಇಳಿಯುತ್ತವೆ. ಆದ್ದರಿಂದ ಆ ಒಂದು ಬಾರಿ ಉತ್ತಮ ಸಂಪರ್ಕವಿರುವಲ್ಲಿ ತೆರೆಯುವುದು ಸೂಕ್ತ. ಅನಂತರ ಸಂಪರ್ಕವಿಲ್ಲದೆಯೂ ಕೆಲಸ ಮಾಡಬಹುದು. ಉಬುಂಟು ಅಥವಾ ಡೆಬಿಯನ್ ಬಳಕೆದಾರರಿಗೆ ಮೇಲಿನ 2ರಿಂದ 4ರವರೆಗಿನ ಸಾಧನಗಳು ಆಯಾ ವ್ಯವಸ್ಥೆಯ ಪ್ಯಾಕೇಜ್ ಭಂಡಾರದಲ್ಲಿಯೇ ಲಭ್ಯವಿವೆ.

ಪರೀಕ್ಷಿಸುವ ಕ್ರಮ

ಎಲ್ಲವನ್ನೂ ಒಮ್ಮೆಗೇ ಪರೀಕ್ಷಿಸಿದಲ್ಲಿ ದೋಷ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಆದುದರಿಂದ ಒಂದೊಂದೇ ಕೊಂಡಿಯನ್ನು ಪರಿಶೀಲಿಸಬೇಕು.

ಮೊದಲು, ಬೋರ್ಡ್ ಜೋಡಿಸದೆಯೇ ‘ಬ್ಲಿಂಕ್’ ಎಂಬ ಮಾದರಿ ಪ್ರೋಗ್ರಾಂ ಅನ್ನು ಕಂಪೈಲ್ ಮಾಡಬೇಕು. ಇದು ಯಶಸ್ವಿಯಾದಲ್ಲಿ ಕಂಪೈಲರ್ ಸರಿಯಾಗಿದೆ ಎಂದರ್ಥ. ಎರಡನೆಯದಾಗಿ, ಬೋರ್ಡ್ ಅನ್ನು ಯುಎಸ್‌ಬಿ ಮೂಲಕ ಜೋಡಿಸಿ, ಹೊಸ ಪೋರ್ಟ್ ಕಾಣಿಸಿಕೊಳ್ಳುವುದೇ ಎಂದು ನೋಡಬೇಕು. ಮೂರನೆಯದಾಗಿ, ಬೋರ್ಡಿನ ಹೆಸರು ಹಾಗೂ ಪೋರ್ಟ್ ಆರಿಸಿ ಪ್ರೋಗ್ರಾಂ ವರ್ಗಾಯಿಸಬೇಕು.

ಹೊಸ ಬೋರ್ಡುಗಳಲ್ಲಿ ಬ್ಲಿಂಕ್ ಪ್ರೋಗ್ರಾಂ ಮೊದಲೇ ಇರುವುದುಂಟು. ಆದ್ದರಿಂದ ದೀಪ ಮಿನುಗಿದ ಮಾತ್ರಕ್ಕೆ ವರ್ಗಾವಣೆ ಆಗಿದೆ ಎಂದು ಭಾವಿಸಬಾರದು. ಪ್ರೋಗ್ರಾಮಿನಲ್ಲಿರುವ 1000 ಮಿಲಿಸೆಕೆಂಡ್ ಅವಧಿಯನ್ನು 200ಕ್ಕೆ ಇಳಿಸಿ ವರ್ಗಾಯಿಸಿದಾಗ ದೀಪವು ವೇಗವಾಗಿ ಮಿನುಗಿದರೆ ಮಾತ್ರ ಸರಪಳಿ ಪೂರ್ಣಗೊಂಡಿದೆ.

ಸಾಮಾನ್ಯ ತೊಂದರೆಗಳು

ಪೋರ್ಟ್ ಕಾಣಿಸದಿದ್ದಲ್ಲಿ ಮೊದಲು ಕೇಬಲ್ ಬದಲಾಯಿಸಿ ನೋಡಬೇಕು. ಮೊಬೈಲ್ ಚಾರ್ಜಿಂಗ್‌ನ ಕೆಲವು ಕೇಬಲ್‌ಗಳಲ್ಲಿ ದತ್ತಾಂಶದ ತಂತಿಗಳೇ ಇರುವುದಿಲ್ಲ. ಕಡಿಮೆ ಬೆಲೆಯ ಅನೇಕ ಬೋರ್ಡುಗಳಲ್ಲಿ ಸಿಎಚ್ 340 ಚಿಪ್ ಇದ್ದು, ವಿಂಡೋಸ್‌ನಲ್ಲಿ ಅದರ ಡ್ರೈವರ್ ಅನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗಬಹುದು. ಉಬುಂಟುವಿನಲ್ಲಿ ಅನುಮತಿ ನಿರಾಕರಣೆಯಾದರೆ ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಪ್ರವೇಶಿಸಬೇಕು. ಹಳೆಯ ನ್ಯಾನೋ ಬೋರ್ಡುಗಳಿಗೆ ಪ್ರೊಸೆಸರ್ ಪಟ್ಟಿಯಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆಯ್ಕೆ ಮಾಡಬೇಕಾಗುತ್ತದೆ.

ಬಳಕೆದಾರರ ಹೆಸರು ಅಥವಾ ಕಡತಕೋಶದ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಕೆಲವು ಸಾಧನಗಳು ಕಡತದ ಮಾರ್ಗವನ್ನು ಗುರುತಿಸದೆ ದೋಷ ತೋರಬಹುದು. ಅಂತಹ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡುವುದು ಒಳಿತು. ಪ್ರೋಗ್ರಾಮಿನ ಒಳಗಿನ ಟಿಪ್ಪಣಿಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ.

ಮುನ್ನೆಚ್ಚರಿಕೆಗಳು

ಯುಎಸ್‌ಬಿ ಮೂಲಕ ವರ್ಗಾಯಿಸುತ್ತಿರುವಾಗ ವಿದ್ಯುತ್ ಕಡಿತವಾದಲ್ಲಿ ಆತಂಕ ಬೇಡ; ಬೂಟ್‌ಲೋಡರ್ ಹಾಗೆಯೇ ಉಳಿಯುವುದರಿಂದ ಪುನಃ ವರ್ಗಾಯಿಸಬಹುದು. ಆದರೆ ಪ್ರತ್ಯೇಕ ಪ್ರೋಗ್ರಾಮರ್ ಸಾಧನದಿಂದ ಫ್ಯೂಸ್ ಮೌಲ್ಯಗಳನ್ನು ತಪ್ಪಾಗಿ ಬದಲಾಯಿಸಿದಲ್ಲಿ ಚಿಪ್ ಪ್ರತಿಕ್ರಿಯಿಸದೇ ಹೋಗಬಹುದು. ಕಲಿಕೆಯ ಹಂತದಲ್ಲಿ ಅವುಗಳನ್ನು ಬದಲಾಯಿಸಬಾರದು.

ತುಂಗಭದ್ರಾ ಕಾಲುವೆಗಳ ಪ್ರದೇಶದ ವಿದ್ಯಾರ್ಥಿಗಳು ಮಣ್ಣಿನ ತೇವಾಂಶ ಅಳೆದು ಪಂಪ್‌ಸೆಟ್ ನಿಯಂತ್ರಿಸುವಂತಹ ಪ್ರಾಜೆಕ್ಟ್‌ಗಳನ್ನು ಕೈಗೊಳ್ಳಬಹುದು. ಊನೋ ಬೋರ್ಡ್ 5 ವೋಲ್ಟ್‌ನಲ್ಲಿ ಕೆಲಸ ಮಾಡಿದರೆ, ಪಂಪ್‌ಸೆಟ್‌ನ ವಿದ್ಯುತ್ ಪ್ರಾಣಾಪಾಯಕಾರಿ. ಪಂಪಿನ ಬದಲು ಎಲ್‌ಇಡಿ ದೀಪ ಜೋಡಿಸಿ ಪ್ರೋಗ್ರಾಂ ಅನ್ನು ಸಂಪೂರ್ಣವಾಗಿ ಪರೀಕ್ಷಿಸತಕ್ಕದ್ದು. ಪಂಪ್‌ಸೆಟ್‌ನ ಜೋಡಣೆಯನ್ನು ಅರ್ಹ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು.