ಬಾಡಿಗೆ ಮನೆ: ಕರಾರು ಪತ್ರ ನಿಮ್ಮ ಕೈಯಲ್ಲಿದೆಯೇ?

"ಇನ್ನು ಮುಂದೆ ಎರಡು ತಿಂಗಳ ಅಡ್ವಾನ್ಸ್ ಮಾತ್ರ. ಹೊಸ ಬಾಡಿಗೆ ಕಾನೂನು ಬಂದಿದೆ." 2025ರ ಕೊನೆಯಲ್ಲಿ ಇಂತಹ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು.

ಚನ್ನಪಟ್ಟಣ ತಾಲೂಕಿನ ಹೊಂಗನೂರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಪತಿ ತೀರಿಹೋದ ಬಳಿಕ ಮುಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ದಿನ ದೂಡುವ ಹಿರಿಯ ಹೆಂಗಸು ಒಳಗಿದ್ದಾರೆ. ಆ ಕೋಣೆಗಳಲ್ಲಿ, ಪೇಟೆಯ ಗೊಂಬೆ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಯುವತಿ ಮಕ್ಕಳೊಂದಿಗೆ ವಾಸವಾಗಿದ್ದಾಳೆ. ಈ ಸಂದೇಶ ಓದಿದರೆ ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಸಂತಸ. ಆದರೆ ಎರಡಕ್ಕೂ ಆಧಾರವಿಲ್ಲ.

ಎರಡು ತಿಂಗಳ ಮಾತು ಬಂದಿರುವುದು ಮಾದರಿ ಬಾಡಿಗೆ ಕಾಯ್ದೆಯಿಂದ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಅದಕ್ಕೆ ಒಪ್ಪಿಗೆ ನೀಡಿತು. ವಾಸದ ಮನೆಗೆ ಎರಡು ತಿಂಗಳ, ಅಂಗಡಿ ಮುಂತಾದವಕ್ಕೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಲಿಖಿತ ಕರಾರು ಕಡ್ಡಾಯ. ಜಗಳವಾಯಿತೆಂದು ಮಾಲೀಕರು ನೀರು, ಕರೆಂಟು ಕಡಿಯುವಂತಿಲ್ಲ. ಅವಧಿ ಮುಗಿದರೂ ಬಿಡದ ಬಾಡಿಗೆದಾರರು ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಇವೆಲ್ಲ ನ್ಯಾಯವಾದ ಮಾತುಗಳೇ. ಆದರೆ ಹೆಸರೇ ಹೇಳುವಂತೆ ಇದು ಬರೀ ಮಾದರಿ. ಮನೆ ಬಾಡಿಗೆ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ರಾಜ್ಯದ ವಿಧಾನಮಂಡಲ ತನ್ನದೇ ಕಾಯ್ದೆ ಮಾಡಿದರೆ ಮಾತ್ರ ಅಲ್ಲಿ ಅದು ಜಾರಿಗೆ ಬರುತ್ತದೆ.

ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಬಂದದ್ದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. 2001ರ ಡಿಸೆಂಬರ್ 31ರಿಂದ ಅದು ಜಾರಿಯಲ್ಲಿದೆ. ಬಾಡಿಗೆದಾರ ಮರಣ ಹೊಂದಿದರೆ ಆತನ ಪತ್ನಿ ಮಕ್ಕಳನ್ನು ಮರುದಿನವೇ ಹೊರಗೆ ಹಾಕುವಂತಿಲ್ಲ. ಬಾಡಿಗೆಯ ಹಕ್ಕು ಐದು ವರ್ಷ ಅವರಿಗೆ ಮುಂದುವರಿಯುತ್ತದೆ. ಹಾಗೆಯೇ ವಿಧವೆಯಾದ ಮಾಲೀಕಳು ಸ್ವಂತ ವಾಸಕ್ಕೆ ಮನೆ ಬೇಕಾದಾಗ ಅದನ್ನು ಬೇಗನೆ ಬಿಡಿಸಿಕೊಳ್ಳಲು ವಿಶೇಷ ಅವಕಾಶವಿದೆ. ಆದರೆ ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಇತರೆಡೆ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಗಳು ಈ ಕಾಯ್ದೆಯಿಂದ ಹೊರಗೆ. ಈಗ ಆ ಹಣಕ್ಕೆ ಎಲ್ಲಿ ಮನೆ ಸಿಗುತ್ತದೆ ಹೇಳಿ! ಸಾಲದ್ದಕ್ಕೆ ಪಟ್ಟಿಯಲ್ಲಿ ಹೆಸರಿಸಿದ ನಗರ, ಪಟ್ಟಣಗಳಿಗಷ್ಟೇ ಅದರ ರಕ್ಷಣೆ.

ಹೀಗಾಗಿ ಹಳ್ಳಿಗಳಲ್ಲೂ ಪಟ್ಟಣದ ಬಹುಪಾಲು ಮನೆಗಳಲ್ಲೂ ಆಧಾರವಾಗಿ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನಗಳ ಲಿಖಿತ ನೋಟೀಸು ಸಾಕೆನ್ನುತ್ತದೆ ಅದು. ಮಕ್ಕಳ ಶಾಲೆಯ ನಡುವೆ ಹದಿನೈದು ದಿನದಲ್ಲಿ ಇನ್ನೊಂದು ಮನೆ ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದರೆ ಕರಾರಿನಲ್ಲಿ "ಎರಡು ತಿಂಗಳ ಮುನ್ಸೂಚನೆ" ಎಂದು ಬರೆಸಿಕೊಂಡರೆ ಇಬ್ಬರೂ ಅದಕ್ಕೆ ಬದ್ಧರು. ನೋಟೀಸು ಕೊಟ್ಟ ಮೇಲೂ ಬೀಗ ಒಡೆದು ಪಾತ್ರೆ ಪಗಡಿ ಬೀದಿಗೆಸೆಯುವ ಹಕ್ಕು ಮಾಲೀಕರಿಗಿಲ್ಲ. ನ್ಯಾಯಾಲಯದ ಆದೇಶ ಬೇಕು. ಬಲವಂತದಿಂದ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಕೇಳಬಹುದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಭೋಗ್ಯದ ವಿಷಯದಲ್ಲಿ. ಒಡವೆ ಮಾರಿಯೋ, ಗಲ್ಫಿನಲ್ಲಿರುವ ಮಗನಿಂದ ತರಿಸಿಯೋ ಲಕ್ಷಗಟ್ಟಲೆ ಹಣ ಕೊಟ್ಟು "ಬಾಡಿಗೆ ಇಲ್ಲವಲ್ಲ" ಎಂದು ನೆಮ್ಮದಿಯಾಗಿರುವವರು ಬಹಳ. ಸಾಲವಾಗಿ ಕೊಟ್ಟ ಹಣಕ್ಕೆ ಪ್ರತಿಯಾಗಿ ಪುಕ್ಕಟೆ ವಾಸ ಬಡ್ಡಿಗೆ ಸಮವೆಂದು ಅನೇಕ ಉಲಮಾಗಳು ಎಚ್ಚರಿಸುತ್ತಾರೆ. ಅದು ಒಂದೆಡೆ. ಕಾನೂನಿನ ಕಣ್ಣಿನಲ್ಲಿ ಭೋಗ್ಯ ಒಂದು ಅಡಮಾನ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಭೋಗ್ಯದ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಹಾಗೂ ಉಪನೋಂದಣಾಧಿಕಾರಿಗಳ ಕಛೇರಿಯಲ್ಲಿ ನೋಂದಣಿ ಕಡ್ಡಾಯ. ನಮ್ಮವರಲ್ಲಿ ಹೆಚ್ಚಿನವರ ಬಳಿ ಇರುವುದು ಬರೀ ಛಾಪಾ ಕಾಗದ. ಅದೇ ಮನೆಯ ಮೇಲೆ ಮಾಲೀಕರು ಮೊದಲೇ ಬ್ಯಾಂಕ್ ಸಾಲ ಪಡೆದಿದ್ದು, ಕಂತು ನಿಂತು ಮನೆ ಹರಾಜಿಗೆ ಬಂದರೆ ಆ ಕಾಗದ ಹಿಡಿದು ನಿಲ್ಲುವುದು ಕಷ್ಟ. ಆದ್ದರಿಂದ ಹಣ ಕೊಡುವ ಮೊದಲು ಋಣಭಾರ ಪತ್ರ ತೆಗೆಸಿ. ಗ್ರಾಮ ಪಂಚಾಯಿತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಯಾರ ಹೆಸರಿನಲ್ಲಿದೆ ನೋಡಿ. ಮೂಲ ಕ್ರಯಪತ್ರ ಕೇಳಿ. "ಬ್ಯಾಂಕಿನಲ್ಲಿದೆ" ಎಂಬ ಉತ್ತರ ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ.

"ನಮ್ಮವರೇ, ಬರವಣಿಗೆ ಯಾಕೆ?" ಎಂದು ಸಂಕೋಚಪಡುವವರಿದ್ದಾರೆ. ಅವಧಿಯಿರುವ ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆದೇಶ ಸೂರಃ ಅಲ್ ಬಕರಃದ 282ನೇ ವಚನದಲ್ಲಿದೆ. ಅದು ಅಪನಂಬಿಕೆಯ ಮಾತಲ್ಲ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕಾಗುವುದರಿಂದ 11 ತಿಂಗಳ ಕರಾರು ರೂಢಿಯಲ್ಲಿದೆ. ಅಷ್ಟಾದರೂ ಇರಲಿ. ಮುಂಗಡವೆಷ್ಟು, ಯಾವಾಗ ಮರಳಿಸಬೇಕು, ಸುಣ್ಣಬಣ್ಣಕ್ಕೆ ಎಷ್ಟು ಕಡಿತ, ಬಾಡಿಗೆ ಏರಿಕೆ ಎಷ್ಟು ಎಂಬುದು ಅದರಲ್ಲಿ ಬರಲಿ.

ಕರಾರು ಸಾಮಾನ್ಯವಾಗಿ ಪತಿಯ ಹೆಸರಿನಲ್ಲಿರುತ್ತದೆ. ಸಾಧ್ಯವಾದರೆ ಸಹೋದರಿಯರು ತಮ್ಮ ಹೆಸರನ್ನೂ ಸೇರಿಸಿಕೊಳ್ಳಬೇಕು. ದಾಂಪತ್ಯ ಕೆಟ್ಟು ದೌರ್ಜನ್ಯದ ಮಟ್ಟಕ್ಕೆ ಹೋದಾಗ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನೆರವಿಗಿದೆ. ಪತಿಯ ಹೆಸರಿನ ಬಾಡಿಗೆ ಮನೆಯೂ ಅದರ ಪ್ರಕಾರ ಪತ್ನಿಯ ವಾಸದ ಮನೆಯೇ. ಬೇರೆ ಮನೆ ಮಾಡಿಕೊಡಲು ಅಥವಾ ಅದರ ಬಾಡಿಗೆ ಕಟ್ಟಲು ಮ್ಯಾಜಿಸ್ಟ್ರೇಟರು ಪತಿಗೆ ಆದೇಶಿಸಬಹುದು.

ಮಾಲೀಕಳಾದ ಆ ಹಿರಿಯ ಹೆಂಗಸಿಗೂ ಒಂದು ಮಾತು. ಬಾಡಿಗೆ ಕೈಗೆ ಬಂದ ದಿನವೇ ರಶೀದಿ ಬರೆದು, ಅದರ ನಕಲಿಗೆ ಬಾಡಿಗೆದಾರಳ ಸಹಿ ಹಾಕಿಸಿಟ್ಟುಕೊಳ್ಳಿ. ಮುಂದೆ ಬಾಕಿಯ ತಕರಾರು ಎದ್ದರೆ ನ್ಯಾಯಾಲಯ ಮೊದಲು ಕೇಳುವುದು ಅದನ್ನೇ.