ಅಪ್ಪಂಗೆ ಆಪರೇಷನ್ ಆಯ್ತು, ಇಂಗ್ಲಿಷಲ್ಲಿ ಹೆಂಗೆ ಬರೀಬೇಕು?

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ. ಅಪ್ಪಂಗೆ ಕಣ್ಣಿನ ಆಪರೇಷನ್ ಆಯ್ತು, ಮನೆಗೆ ಕರ್ಕೊಂಡು ಬಂದ್ರಿ. ಈಗ ಆಫೀಸಿಗೆ ಇಂಗ್ಲಿಷಲ್ಲಿ ರಜೆ ಅರ್ಜಿ ಬರೀಬೇಕು.

ತುಂಬಾ ಜನ ಬರೆಯೋದು ಹೀಗೆ: ‘ಮೈ ಫಾದರ್ ಈಸ್ ಅಂಡರ್‌ಗಾನ್ ಫಾರ್ ಐ ಆಪರೇಷನ್’. ಈ ‘ಫಾರ್’ ಎಲ್ಲಿಂದ ಬಂತು? ನಮ್ಮ ‘ಆಪರೇಷನ್‌ಗೆ ಒಳಗಾದರು’ ಅನ್ನೋದರ ‘ಗೆ’ಯಿಂದ. ಇಂಗ್ಲಿಷಲ್ಲಿ ಅದು ಬೇಡ, ‘ಈಸ್’ ಕೂಡ ಬೇಡ. ‘ಮೈ ಫಾದರ್ ಅಂಡರ್‌ವೆಂಟ್ ಐ ಸರ್ಜರಿ ಆನ್ ಮಂಡೇ’. ಯಾವತ್ತು ಅಂತ ಹೇಳದಿದ್ರೆ, ‘ಹ್ಯಾಸ್ ಅಂಡರ್‌ಗಾನ್ ಐ ಸರ್ಜರಿ’. ಗೋ, ವೆಂಟ್, ಗಾನ್ ಇದ್ದ ಹಾಗೇ ಅಂಡರ್‌ಗೋ, ಅಂಡರ್‌ವೆಂಟ್, ಅಂಡರ್‌ಗಾನ್. ‘ಅಂಡರ್‌ಗೋಡ್’ ಅನ್ನೋದು ಇಲ್ಲವೇ ಇಲ್ಲ.

ಇನ್ನೊಂದು ಮುಖ್ಯ. ಅಂಡರ್‌ಗೋ ಮಾಡೋದು ಅಪ್ಪ, ಡಾಕ್ಟರ್ ಅಲ್ಲ. ಡಾಕ್ಟರ್ ‘ಪರ್ಫಾರ್ಮ್ಡ್ ದ ಸರ್ಜರಿ’.

ಆಸ್ಪತ್ರೆ ಒಂದೇ ಅಲ್ಲ, ಬದಲಾವಣೆಗೂ ಇದೇ ಪದ. 2017ರಲ್ಲಿ ಜೋಡಿ ರೈಲು ಹಳಿ ಹಾಕೋಕೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನ ಒಡೆಯದೆ, ಇಡಿಯಾಗಿ ಎತ್ತಿ ಬೇರೆ ಜಾಗಕ್ಕೆ ಸರಿಸಿದ್ರು. ಎಂಥಾ ಕೆಲಸ ಅದು! ‘ದ ಆರ್ಮರಿ ಅಂಡರ್‌ವೆಂಟ್ ರೀಲೊಕೇಶನ್’. ಫ್ರೆಂಚ್ ರಾಕ್ಸ್ ಪಾಂಡವಪುರ ಆಯ್ತು, ಅತ್ತಿಕುಪ್ಪೆ ಕೆ.ಆರ್. ಪೇಟೆ ಆಯ್ತು. ‘ದ ಟೌನ್ ಅಂಡರ್‌ವೆಂಟ್ ಎ ಚೇಂಜ್ ಆಫ್ ನೇಮ್’.

ಟ್ರೈನಿಂಗ್, ಸ್ಕ್ಯಾನಿಂಗ್, ರಿಪೇರಿ, ಎಲ್ಲಕ್ಕೂ ಹೊಂದುತ್ತೆ. ಮಗಳಿಗೆ ಬಹುಮಾನ ಬಂದ್ರೆ ಮಾತ್ರ ‘ಅಂಡರ್‌ವೆಂಟ್’ ಬೇಡ. ಅಲ್ಲಿ ‘ರಿಸೀವ್ಡ್’ ಅಂತ ಬರೀರಿ.